ಎಳ್ಳು ತಿಂದ ಬಾಯಿ

"ಅಪ್ಪನೇ ಡಿಟೆಕ್ಟಿವ್! ಬೇರೆ ಯಾರಿಗೂ ಆ ರೋಲ್ ಸೂಟೇ ಆಗಲ್ಲ. ಅಪ್ಪನ ಮೆಮೊರಿ ಅಂದ್ರೆ, ಯಾರ್, ಕಂಪ್ಯೂಟರ್!"

ತನ್ವಿ ಚೀಟಿಗಳಿದ್ದ ಗಾಜಿನ ಬಟ್ಟಲನ್ನು ತಲೆಯ ಮೇಲೆ ಹಿಡಿದು ಕೂಗಿದಳು. ಕೋಣೆಯ ಇನ್ನೊಂದು ಬದಿಯಲ್ಲಿ ಅವಳ ತಾಯಿ ರತ್ನಪ್ರಭಾ ಸ್ಟೀಲ್ ಡಬ್ಬಿ ಹಿಡಿದುಕೊಂಡು ಗೆಳತಿ ವೈಜಯಂತಿಯ ಅಂಗೈಗೆ ಎಳ್ಳು ಬೆಲ್ಲ ಹಾಕುತ್ತಿದ್ದಳು. ಮಗಳ ಮಾತು ಕಿವಿಗೆ ಬಿದ್ದದ್ದೇ ಚಮಚ ಅರ್ಧದಲ್ಲಿ ನಿಂತಿತು. ಒಂದು ಕೊಬ್ಬರಿ ಚೂರು ಜಾರಿ ಕಾರ್ಪೆಟ್ಟಿನ ಮೇಲೆ ಬಿತ್ತು.

"ಬೇಡ, ಬೇಡ," ಎಂದಳು ರತ್ನಪ್ರಭಾ. "ಅವರು ಡಿಟೆಕ್ಟಿವ್ ಆಗೋದು ಬೇಡ. ಅವರು ಹೆಣ ಆಗ್ಲಿ."

ಬಾಯಿಂದ ಹೊರಬಿದ್ದ ಮೇಲೆಯೇ ಅದು ಎಂಥ ಮಾತೆಂದು ಅವಳಿಗೆ ತಿಳಿದದ್ದು. ತನ್ವಿಯ ಆಫೀಸಿನಿಂದ ಬಂದಿದ್ದ, ಅವಳಂತೆಯೇ ದೆಹಲಿಯಲ್ಲಿ ಬೆಳೆದ ನಾಲ್ಕೈದು ಕನ್ನಡದ ಹುಡುಗ ಹುಡುಗಿಯರು 'ಓಹೋ' ಎಂದು ನಕ್ಕರು. ಅಳಿಯ ಸಂದೀಪನೂ ನಕ್ಕ. ಅವರಿಗೆ ಅದು ಆಟದ ಮಾತು. ಕೊಲೆಯ ಆಟ ಎಂದ ಮೇಲೆ ಯಾರಾದರೊಬ್ಬರು ಹೆಣವಾಗಲೇಬೇಕಲ್ಲ. ವೈಜಯಂತಿ ಮಾತ್ರ ನಗಲಿಲ್ಲ. ಎಳ್ಳು ತುಂಬಿದ ಅಂಗೈಯನ್ನು ಚಾಚಿಕೊಂಡೇ ಗೆಳತಿಯ ಮುಖ ನೋಡಿದಳು.

"ಏನೇ ರತ್ನಾ, ಮುತ್ತೈದೆ ಬಾಯಲ್ಲಿ ಬರೋ ಮಾತೇನೇ ಇದು? ಅದೂ ಸಂಕ್ರಾಂತಿ ದಿನ, ಕೈಯಲ್ಲಿ ಎಳ್ಳು ಹಿಡ್ಕೊಂಡು?"

"ಆಟಕ್ಕೆ ಕಣೆ. ಅವರಿಗೆ ಸೊಂಟ ನೋವು. ಮಲಗಿದ್ರೆ ಆರಾಮ ಅಂತ."

"ಸೊಂಟ ನೋವಾ," ಎಂದಳು ವೈಜಯಂತಿ. ಎಳ್ಳನ್ನು ಬಾಯಿಗೆ ಹಾಕಿಕೊಳ್ಳದೆ ಕರವಸ್ತ್ರದಲ್ಲಿ ಕಟ್ಟಿ ಪರ್ಸಿನೊಳಗೆ ಇಟ್ಟಳು.

ಅವಳಿಗೆ ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ. ಒಂದು ಕಾಲಕ್ಕೆ ದೆಹಲಿಯ ಸರೋಜಿನಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ ಇಬ್ಬರದೂ ಎದುರುಬದುರು ಮನೆ; ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನಿಕೊಂಡು ಬಾಳಿದವರು. ರತ್ನಪ್ರಭಾಳ ನಾಲಿಗೆ ಎಂಥದ್ದೆಂದು ಇಡೀ ಬ್ಲಾಕಿಗೆ ಗೊತ್ತಿತ್ತು. ಬಳೆ ಒಡೆಯಿತು ಎನ್ನುವವಳಲ್ಲ, ಹೆಚ್ಚಿತು ಎನ್ನುವವಳು. ದೀಪ ಆರಿಸು ಎನ್ನುವವಳಲ್ಲ, ದೊಡ್ಡದು ಮಾಡು ಎನ್ನುವವಳು. ಗಂಡ ಆಫೀಸಿಗೆ ಹೊರಡುವಾಗ ಬಾಯಿತಪ್ಪಿ 'ಹೋಗ್ತೀನಿ' ಎಂದರೆ ಬಾಗಿಲಿಗೆ ಅಡ್ಡ ನಿಂತು 'ಹೋಗಿ ಬರ್ತೀನಿ' ಎನ್ನಿಸಿ, ಚಾರ್ಟರ್ಡ್ ಬಸ್ಸು ತಪ್ಪಿಸಿದ ಹೆಂಗಸು. ನಾವಾಡುವ ಮಾತಿಗೆಲ್ಲ ಮೇಲೆ ದೇವತೆಗಳು ಅಸ್ತು ಅಸ್ತು ಎನ್ನುತ್ತ ಓಡಾಡುತ್ತಿರುತ್ತಾರೆ, ಯಾವುದಕ್ಕೆ ಅಂದುಬಿಟ್ಟಾರೋ ಯಾರು ಬಲ್ಲರು ಎಂದು ಅವಳ ಅಜ್ಜಿ ಹೇಳಿಕೊಟ್ಟದ್ದು ದೆಹಲಿಗೆ ಬಂದರೂ ಬಿಟ್ಟಿರಲಿಲ್ಲ. ಅಂಥವಳು ಹಬ್ಬದ ದಿನ ತುಂಬಿದ ಮನೆಯಲ್ಲಿ ಗಂಡ ಹೆಣವಾಗಲಿ ಎಂದಿದ್ದಳು.

ಆ ಗಂಡ, ಏಕನಾಥರು, ಕಿಟಕಿಯ ಪಕ್ಕ ಕೂತು ಹೊರಗಿನ ಮಂಜನ್ನು ನೋಡುತ್ತಿದ್ದರು. ಇಸ್ತ್ರಿ ಮಾಡಿದ ಷರ್ಟು, ಮರೂನ್ ಬಣ್ಣದ ಸ್ವೆಟರು, ಒಪ್ಪವಾಗಿ ಬಾಚಿದ ಬಿಳಿ ಕೂದಲು. ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ. ಕೇಂದ್ರ ಸಚಿವಾಲಯದಲ್ಲಿ ಅವರಿದ್ದಷ್ಟು ಕಾಲ, ಹಳೆಯ ಫೈಲು ಬೇಕಾದವರು ರೆಕಾರ್ಡ್ ರೂಮಿಗೆ ಹೋಗುವ ಮೊದಲು ಅವರ ಟೇಬಲ್ಲಿಗೆ ಬರುತ್ತಿದ್ದರು. ಈಗ ಬೆಳಗಿನ ತಿಂಡಿ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಡಾಕ್ಟರು ರೋಗದ ಹೆಸರು ಹೇಳಿದ ದಿನ, ವೈಶಾಲಿ ಮೆಟ್ರೋ ನಿಲ್ದಾಣದಿಂದ ಇಂದಿರಾಪುರಂನ ಮನೆಗೆ ಆಟೋದಲ್ಲಿ ಬರುವಾಗ ಏಕನಾಥರು ಹೆಂಡತಿಯ ಕೈ ಹಿಡಿದುಕೊಂಡು ಹೇಳಿದ್ದರು: "ಜನ ನನ್ನ ನೋಡಿ ಪಾಪ ಅನ್ನಬಾರದು, ರತ್ನಾ. ಯಾರಿಗೂ ಹೇಳ್ಬೇಡ. ತನ್ವಿಗೆ ನಾನೇ ಹೇಳ್ತೀನಿ. ನಾನಾಗಿ ಹೇಳೋವರೆಗೂ ನೀನು ಬಾಯಿ ಬಿಡಬಾರದು, ಆಣೆ ಇಡು." ಆಟೋ ಹೊಂಡಕ್ಕೆ ಇಳಿದು ಏಳುತ್ತಿದ್ದಾಗಲೇ ಅವಳು ಆಣೆ ಇಟ್ಟಳು. ದೀಪಾವಳಿಯ ಹೊತ್ತಿಗೆ ಅವರಿಗೆ ಆ ಆಟೋ, ಆ ಆಣೆ ಎರಡೂ ಮರೆತುಹೋದವು. ಬಿಡಿಸಬೇಕಾದವರೇ ಮರೆತ ಮೇಲೆ ಆಣೆಯನ್ನು ಬಿಡಿಸುವವರು ಯಾರು? ರತ್ನಪ್ರಭಾ ಒಬ್ಬಳೇ ಅದನ್ನು ಹೊತ್ತುಕೊಂಡು ಓಡಾಡುತ್ತಿದ್ದಳು.

ಹೊರುವುದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಎದುರಿಗೆ ಯಾರೇ ಬರಲಿ, ಗಂಡ ತಡವರಿಸುವ ಮೊದಲೇ ಸಂಭ್ರಮದ ದನಿಯಲ್ಲಿ ಹೆಸರು, ಸಂಬಂಧ, ಒಂದು ಒಳ್ಳೆಯ ಮಾತು, ಮೂರನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿಬಿಡುವುದು. "ನೋಡ್ರೀ, ರಾಘವ ಅವರು ಬಂದ್ರು! ನಿಮ್ಮ ಸೆಕ್ಷನ್ನಲ್ಲೇ ಇದ್ದೋರು, ಎಷ್ಟು ಗೆಲುವಾಗಿದಾರೆ ನೋಡಿ." ಅಷ್ಟಾದರೆ ಸಾಕು, ಏಕನಾಥರು ಆ ಎಳೆ ಹಿಡಿದು "ಓಹೋ, ರಾಘವ! ಬನ್ನಿ ಬನ್ನಿ," ಎಂದು ಎರಡೂ ಕೈ ಚಾಚುತ್ತಿದ್ದರು. ಕೇಳಿದವರು, ಈ ಹೆಂಗಸಿಗೆ ವಯಸ್ಸಾದಂತೆ ಮಾತು ಹೆಚ್ಚಾಯಿತು ಎಂದುಕೊಳ್ಳುತ್ತಿದ್ದರು. ಅಂದುಕೊಳ್ಳಲಿ. ಮಗಳು ಭಾನುವಾರ ಬಂದು ಒಂದು ಗಂಟೆ ಕೂತು ಹೋಗುವವಳು. ಅಷ್ಟು ಹೊತ್ತನ್ನು ತಾಯಿ ಹೇಗೋ ದಾಟಿಸುತ್ತಿದ್ದಳು.

ಆದರೆ ಇದು ಇಡೀ ದಿನದ ಕೆಲಸ. ಸಂದೀಪನ ಬಾಸ್‌ನದು ನೋಯ್ಡಾದಲ್ಲಿ ಯಮುನೆಯ ದಂಡೆಗೆ ಒಂದು ಫಾರ್ಮ್‌ಹೌಸ್ ಇತ್ತು. ಕೆಂಪು ಇಟ್ಟಿಗೆಯ ಬಂಗಲೆ, ಗೋಡೆಯ ಮೇಲೆ ಪ್ಲಾಸ್ಟಿಕ್ಕಿನ ಜಿಂಕೆ ಕೊಂಬು, ಹಳೆಯ ಕಾಲದ್ದೆಂದು ತೋರಿಸಲು ಹೊಸದಾಗಿ ಮಾಡಿಸಿದ ದಿವಾನ ಮಂಚ. ಸಂಕ್ರಾಂತಿಯನ್ನು ಅಲ್ಲಿ ಮಾಡೋಣ, ಸರೋಜಿನಿ ನಗರದ ವೈಜಯಂತಿ ಆಂಟಿ, ರಾಘವ ಅಂಕಲ್ ಕೂಡ ಬರಲಿ, ಊಟವಾದ ಮೇಲೆ ತಾನು ಬರೆದ ಕೊಲೆಯ ಆಟ ಆಡೋಣ ಎಂದು ತನ್ವಿ ಹಟ ಹಿಡಿದಿದ್ದಳು. ಬೇಡವೆಂದರೆ ಯಾಕೆ ಎನ್ನುತ್ತಾಳೆ. ಆ ಯಾಕೆಗೆ ಉತ್ತರವಿಲ್ಲದೆ ರತ್ನಪ್ರಭಾ ಹೂಂಗುಟ್ಟಿದ್ದಳು.

ಬೆಳಿಗ್ಗೆಯೇ ಒಂದು ಎಡವಟ್ಟಾಗಿತ್ತು. ಏಕನಾಥರು ವೈಜಯಂತಿಯ ಗಂಡ ರಾಘವರ ಕೈ ಕುಲುಕುತ್ತ, "ತಾಯಿಯವರು ಹೇಗಿದಾರೆ?" ಎಂದು ವಿಶ್ವಾಸದಿಂದ ಕೇಳಿಬಿಟ್ಟರು. ರಾಘವರ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ನಿಗಮಬೋಧ ಘಾಟಿನ ಸ್ಮಶಾನದವರೆಗೆ ಹೆಗಲು ಕೊಟ್ಟವರಲ್ಲಿ ಏಕನಾಥರೂ ಒಬ್ಬರು. "ವೈಜಯಂತಿ ತಾಯೀನ ಕೇಳ್ತಿದಾರೆ, ಮೈಸೂರಲ್ಲಿರೋರು," ಎಂದು ರತ್ನಪ್ರಭಾ ನಡುವೆ ತೂರಿಬಂದಳು. ರಾಘವ ಪಾಪ, ಸರಳ ಮನುಷ್ಯರು, ಅತ್ತೆಯ ಮಂಡಿನೋವಿನ ವರದಿ ಒಪ್ಪಿಸಿದರು. ವೈಜಯಂತಿ ಮಾತ್ರ ಆಗಲೂ ಒಂದು ಸಲ ನೋಡಿದ್ದಳು. ರತ್ನಪ್ರಭಾ ಇಡೀ ದೆಹಲಿಯಲ್ಲಿ ಹೆದರುತ್ತಿದ್ದದ್ದು ಆ ನೋಟಕ್ಕೆ. ವೈಜಯಂತಿಗೆ ಗೊತ್ತಾದರೆ ಕರೋಲ್‌ಬಾಗಿನವರೆಗಿನ ಕನ್ನಡಿಗರಿಗೆಲ್ಲ ಸಂಜೆಯೊಳಗೆ ಗೊತ್ತಾದಂತೆ. ಮರುದಿನದಿಂದ ಫೋನು ಶುರು: ಅಯ್ಯೋ ಪಾಪ, ಎಂಥ ಮನುಷ್ಯರು, ಹೀಗಾಗಬಾರದಿತ್ತು.

"ಚಲೋ, ಅಪ್ಪ ಡೆಡ್ ಬಾಡಿ," ಎಂದು ತನ್ವಿ ಒಪ್ಪಿಕೊಂಡಳು. ಸ್ವಲ್ಪ ನಿರಾಸೆಯಾಗಿತ್ತು ಅವಳಿಗೆ. "ಹಾಗಾದ್ರೆ ಡಿಟೆಕ್ಟಿವ್ ಯಾರು?"

"ನಾನು," ಎಂದಳು ವೈಜಯಂತಿ.

"ಅದೇನು ಅವಳಿಗೆ ಹೊಸದಲ್ಲ ಬಿಡಮ್ಮ," ಎಂದರು ರಾಘವ. ಎಲ್ಲರೂ ನಕ್ಕರು.

ಕತೆ ಹೀಗಿತ್ತು. ಈ ಬಂಗಲೆಯ ಒಡೆಯ ಸೇಠ್‌ಜಿ ಊಟದ ನಂತರ ಚಹಾ ಕುಡಿದು ದಿವಾನದ ಮೇಲೆ ಸತ್ತು ಬಿದ್ದಿದ್ದಾನೆ. ಮಂಜಿನಿಂದಾಗಿ ಹೊರಗಿನಿಂದ ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ. ಕೊಂದವರು ಒಳಗೇ ಇದ್ದಾರೆ. ಚೀಟಿಯಲ್ಲಿ ಅವರವರ ಪಾತ್ರ ಬರೆದಿದೆ. "ರೂಲ್ ಒಂದೇ," ಎಂದಳು ತನ್ವಿ. "ಸುಳ್ಳು ಹೇಳೋ ಹಕ್ಕು ಮರ್ಡರರ್‌ಗೆ ಮಾತ್ರ. ಬಾಕಿ ಸಬ್ ಸಚ್ ಬೋಲೇಂಗೆ. ಡಿಟೆಕ್ಟಿವ್ ಏನು ಕೇಳಿದ್ರೂ ನಿಜ ಹೇಳಬೇಕು, ಓಕೆ?"

ರತ್ನಪ್ರಭಾ ತನ್ನ ಚೀಟಿ ಬಿಡಿಸಿ ನೋಡಿದಳು. ಅವಳು ಸೇಠ್‌ಜಿಯ ಹೆಂಡತಿ ಸೇಠಾಣಿ, ನಿರ್ದೋಷಿ. ನಿಜ ಹೇಳಬೇಕಾದವಳು.

ಅವಳೇ ಗಂಡನ ತೋಳು ಹಿಡಿದು ದಿವಾನದ ಬಳಿಗೆ ಕರೆತಂದಳು. "ಸ್ವಲ್ಪ ಹೊತ್ತು ಮಲಗಿ. ಕಣ್ಣು ಮುಚ್ಕೊಂಡಿರಿ. ನಾನು ಇಲ್ಲೇ ಇರ್ತೀನಿ," ಎಂದು ಕಿವಿಯಲ್ಲಿ ಹೇಳಿದಳು. ಏಕನಾಥರು ಮಗುವಿನಂತೆ ಚಪ್ಪಲಿ ಜೋಡಿಸಿಟ್ಟು ಮಲಗಿದರು. ಆಗ ಅವಳಿಗೆ ದಿಕ್ಕಿನ ನೆನಪಾಯಿತು. ಸೂರ್ಯ ಕಾಣದ ದಿನ. ಉತ್ತರ ಯಾವುದೋ ದಕ್ಷಿಣ ಯಾವುದೋ. ಸಂದೀಪನ ಫೋನಿನಲ್ಲಿ ದಿಕ್ಸೂಚಿ ತೆಗೆಸಿ ನೋಡಿದರೆ ತಲೆ ಸರಿಯಾಗಿ ಉತ್ತರಕ್ಕೇ ಇತ್ತು. ಎಬ್ಬಿಸಿ, ದಿಂಬನ್ನು ಇನ್ನೊಂದು ತುದಿಗಿಟ್ಟು, ತಿರುಗಿಸಿ ಮಲಗಿಸಿದಳು. ತನ್ವಿ ಬಿಳಿ ಬೆಡ್‌ಶೀಟು ತಂದಾಗ ಅದನ್ನು ಕಿತ್ತುಕೊಂಡು ತನ್ನದೇ ಹಸಿರು ಶಾಲನ್ನು ಎದೆಯವರೆಗೆ ಹೊದಿಸಿದಳು.

"ಅಮ್ಮಾ, ಇದು ಹೆಣ. ಪಿಕ್ನಿಕ್ಕಿಗೆ ಬಂದಿರೋರಲ್ಲ."

"ಮುಖ ಮುಚ್ಚಬೇಡ. ಅಷ್ಟೇ ನಾನು ಹೇಳೋದು."

ವೈಜಯಂತಿ ಒಂದು ಮೂಲೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ದಿಂಬಿನ ದಿಕ್ಕಿಗೆ ಇಷ್ಟು ಜೀವ ಬಿಡುವ ಹೆಂಗಸು ಆ ಮಾತು ಯಾಕೆ ಆಡಿದಳು? ಅದೊಂದು ಪ್ರಶ್ನೆ ಅವಳ ಮುಖದ ಮೇಲೆ ಬರೆದಿಟ್ಟಂತಿತ್ತು. ಅದನ್ನು ರತ್ನಪ್ರಭಾ ಓದಿದಳು, ಓದಿ ಬೇರೆ ಕಡೆ ತಿರುಗಿದಳು.

ಆಟ ಶುರುವಾಯಿತು. ದಿವಾನದ ಸುತ್ತ ಎಲ್ಲರೂ ನಿಂತರು. ತನ್ವಿ ಕಳೆ ಬರಲೆಂದು ತಲೆಯ ಹತ್ತಿರ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟಳು. ರತ್ನಪ್ರಭಾ ಬೇಡವೆನ್ನುವಷ್ಟರಲ್ಲಿ ಹೊಗೆ ಎದ್ದಿತ್ತು. ವೈಜಯಂತಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ವಿಚಾರಣೆಗೆ ಇಳಿದಳು. ಮಗುಚಿ ಬಿದ್ದ ಚಹಾದ ಕಪ್ಪು ಮೂಸಿದಳು, ಬಾದಾಮಿಯ ವಾಸನೆ, ವಿಷವೇ ಸರಿ ಎಂದಳು. ಸಂದೀಪನ ಬೂಟಿಗೆ ಅಂಟಿದ ಕೆಸರನ್ನು ಚಮಚದಲ್ಲಿ ಕೆರೆದು ತೆಗೆದಳು. ಸೇಠ್‌ಜಿಯ ಪಾಲುದಾರನಾಗಿದ್ದ ತನ್ನ ಗಂಡ ರಾಘವರನ್ನು, "ನೀವು ಊಟ ಆದ್ಮೇಲೆ ತೋಟದಲ್ಲಿ ಯಾಕೆ ಅಡ್ಡಾಡ್ತಿದ್ರಿ? ಮನೇಲಿ ಯಾವತ್ತೂ ಅಡ್ಡಾಡಲ್ವಲ್ಲ?" ಎಂದು ಗದರಿಸಿದಳು. ನಗು ಎದ್ದಿತು. ಏಕನಾಥರ ಉಸಿರು ಏರುತ್ತ ಇಳಿಯುತ್ತ ಸಮನಾಗಿತ್ತು. ಅವರಿಗೆ ನಿಜವಾಗಿಯೂ ನಿದ್ದೆ ಹತ್ತಿದೆ ಎಂದು ರತ್ನಪ್ರಭಾಳಿಗೆ ಗೊತ್ತಾಯಿತು. ಒಳ್ಳೆಯದೇ ಆಯಿತು ಎಂದುಕೊಂಡಳು.

"ಇನ್ನು ಸೇಠಾಣಿಯವರು," ಎಂದಳು ವೈಜಯಂತಿ. "ಇಲ್ಲಿ ಬನ್ನಿ. ಇಲ್ಲಿ, ತಲೆ ಹಿಂದೆ ನಿಂತ್ಕೊಳ್ಳಿ. ನನ್ನ ಮುಖ ನೋಡಿ ಉತ್ತರ ಹೇಳಿ."

ರತ್ನಪ್ರಭಾ ಗಂಡನ ತಲೆಯ ಹಿಂದೆ ಹೋಗಿ ನಿಂತಳು.

"ಇವತ್ತು ಬೆಳಿಗ್ಗೆ ನಿಮ್ಮ ಯಜಮಾನರು ಒಬ್ಬರ ತಾಯಿ ವಿಚಾರ ಕೇಳಿದ್ರು. ಯಾರ ತಾಯಿ?"

"ನಿನ್... ನಿಮ್ಮ ತಾಯಿ. ಆಗ್ಲೇ ಹೇಳಿದ್ನಲ್ಲ."

"ನನ್ನ ಕೈ ಕುಲುಕಿರಲಿಲ್ಲ ಅವರು. ಇವರ ಕೈ ಹಿಡ್ಕೊಂಡು ಇವರನ್ನೇ ಕೇಳಿದ್ದು. ಇರ್ಲಿ. ಊಟಕ್ಕೆ ಕೂತಾಗ ನೀವು ಅವರ ಕಿವೀಲಿ ಎರಡು ಮೂರು ಸಲ ಏನೋ ಹೇಳಿದ್ರಿ. ನೀವು ಹೇಳಿದ ಮೇಲೇ ಅವರು ಎದುರಿಗಿರೋರ ಹೆಸರು ಹಿಡಿದು ಮಾತಾಡ್ತಿದ್ರು. ಏನು ಹೇಳ್ತಿದ್ರಿ?"

"ಏನಿಲ್ಲ. ಉಪ್ಪು ಕಮ್ಮಿ ಹಾಕ್ಕೊಳ್ಳಿ ಅಂದೆ. ಬಿಪಿ ಇದೆ."

"ಆಂಟಿ ಈಸ್ ಕಿಲ್ಲಿಂಗ್ ಇಟ್!" ಎಂದಳು ಒಬ್ಬ ಹುಡುಗಿ. ಎಲ್ಲರೂ ಹತ್ತಿರ ಹತ್ತಿರ ಸರಿದರು. ಅವರಿಗೆ ಇದೆಲ್ಲ ಆಟದ ಸುಳಿವುಗಳೇ. ರತ್ನಪ್ರಭಾಳಿಗೆ ಮಾತ್ರ ಅದು ಆಟವಾಗಿರಲಿಲ್ಲ. ಈ ಹೆಂಗಸು ಸಿಪ್ಪೆ ಸುಲಿದಂತೆ ಒಂದೊಂದನ್ನೇ ಸುಲಿಯುತ್ತಿದ್ದಾಳೆ. ಮಗಳು ಎದುರಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ. ಇಷ್ಟು ತಿಂಗಳು ಕಾಪಾಡಿಕೊಂಡು ಬಂದದ್ದು ಒಂದು ಪೋಲಿ ಆಟದಲ್ಲಿ ಬಯಲಾಗುವುದೇ? ಅವಳಿಗೆ ಸಿಟ್ಟು ಬಂತು. ವೈಜಯಂತಿಯ ಮೇಲೆ, ತನ್ವಿಯ ಮೇಲೆ, ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿದ್ದ ಗಂಡನ ಮೇಲೂ ಬಂತು.

"ಕೊನೇ ಪ್ರಶ್ನೆ," ಎಂದಳು ವೈಜಯಂತಿ. ಈಗ ಅವಳ ದನಿ ಪತ್ತೇದಾರಿಯದಾಗಿರಲಿಲ್ಲ. ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಬಟಾಣಿ ಬಿಡಿಸುತ್ತ ಮಾತಾಡುತ್ತಿದ್ದಾಗಿನ ದನಿ. "ಅಷ್ಟು ನೇಮದ ಹೆಂಗಸು, ಗಂಡ ಹೆಣ ಆಗ್ಲಿ ಅಂತ ಬಾಯಿಬಿಟ್ಟು ಹೇಳಬೇಕಾದ್ರೆ, ಆ ಗಂಡನಿಗೆ ಏನಾಗಿರಬೇಕು?"

ಊದುಬತ್ತಿಯ ಬೂದಿ ಬಿದ್ದದ್ದು ರತ್ನಪ್ರಭಾಳಿಗೆ ಕಾಣಿಸಿತು. ಹೇಳಬೇಕಾದ ಸುಳ್ಳು ಹುಡುಕಿದಳು, ಸಿಗಲಿಲ್ಲ. ಬೆಳಗಿನಿಂದ ಎಷ್ಟೊಂದು ಸುಳ್ಳು ಖರ್ಚಾಗಿದ್ದವು.

"ಅವಮಾನ ಆಗಬಾರದು ಅಂತ," ಎಂದಳು. "ನಾಲ್ಕು ಜನರೆದುರಿಗೆ ಅವರಿಗೆ ಅವಮಾನ ಆಗಬಾರದು ಅಂತ ಅಂದೆ. ಅದಕ್ಕಿಂತ ಆ ಮಾತು ವಾಸಿ ಅನ್ನಿಸ್ತು."

ವೈಜಯಂತಿಯ ಮುಖದಲ್ಲಿ ಏನೋ ಕಳಚಿ ಬಿತ್ತು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅವಳಿಗೆ ತಿಳಿಯಿತು, ಎಲ್ಲ ತಿಳಿಯಿತು ಎಂದು ರತ್ನಪ್ರಭಾ ಕಂಡುಕೊಂಡಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಆ ಹೊತ್ತಿಗೇ ಏಕನಾಥರು ಕಣ್ಣು ಬಿಟ್ಟರು.

ಅವರ ಕಣ್ಣಿಗೆ ಮೊದಲು ಬಿದ್ದದ್ದು ಹೊಗೆ. ಆಮೇಲೆ ಸುತ್ತ ವೃತ್ತವಾಗಿ, ಮಾತಿಲ್ಲದೆ ನಿಂತ ಜನ. ಕಿಟಕಿಯಾಚೆ ಬೆಳಗೋ ಸಂಜೆಯೋ ತಿಳಿಯದ ಬೆಳಕು. ಅವರು ಮೊಣಕೈ ಊರಿ ಎದ್ದು ಕೂತು, ಶಾಲನ್ನು ಮುಟ್ಟಿ ನೋಡಿದರು. ಅದು ಯಾರದೆಂದು ಅವರಿಗೆ ಗೊತ್ತಾಯಿತು.

"ಯಾರು?" ಎಂದರು. "ಯಾರು ಹೋದ್ರು?"

ಹುಡುಗರಲ್ಲೊಬ್ಬ ಸಿಳ್ಳೆ ಹಾಕಿದ. "ಅರೇ, ಹೆಣ ಎದ್ದುಬಿಡ್ತು!"

ಏಕನಾಥರು ಒಂದೊಂದೇ ಮುಖ ನೋಡುತ್ತ ಹೋದರು. ಹುಡುಕುತ್ತಿದ್ದ ಮುಖ ಅಲ್ಲಿರಲಿಲ್ಲ. ಅದು ಅವರ ಬೆನ್ನ ಹಿಂದಿತ್ತು. "ರತ್ನ ಕಾಣ್ತಿಲ್ಲ," ಎಂದರು. ಶಾಲಿನ ಅಂಚು ಅವರ ಮುಷ್ಟಿಯಲ್ಲಿ ಮುದುಡಿತು. "ಇದು ಅವಳ ಶಾಲು. ರತ್ನ... ರತ್ನ ಹೋಗ್ಬಿಟ್ಳಾ?"

ಚಪ್ಪಾಳೆ ಎದ್ದಿತು. "ಕ್ಯಾ ಬಾತ್ ಹೈ ಅಂಕಲ್!" "ಆಸ್ಕರ್ ದೇದೋ ಇನ್ಕೋ!" ತನ್ವಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು, ಹೆಮ್ಮೆಯಿಂದ ಮುಖ ಅರಳಿತ್ತು. ರತ್ನಪ್ರಭಾ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಇದು ನಾಟಕವಾಗಿಯೇ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಆಣೆ ಉಳಿಯುತ್ತದೆ, ಮರ್ಯಾದೆ ಉಳಿಯುತ್ತದೆ. ಆದರೆ ಎದುರಿಗೆ ಆ ಮನುಷ್ಯ ಹೆಂಡತಿ ಸತ್ತಳೆಂದು ನಡುಗುತ್ತ ಕೂತಿದ್ದರು.

ಏಕನಾಥರು ಕೈಮುಗಿದರು. "ದಯವಿಟ್ಟು ಚಪ್ಪಾಳೆ ಹೊಡೀಬೇಡಿ. ಮನೇಲಿ ಸಾವಾಗಿದೆ. ಮಗು ಸ್ಕೂಲಿಂದ ಬರೋ ಹೊತ್ತು," ಎಂದರು. ನೇರವಾಗಿ ತನ್ವಿಯ ಮುಖವನ್ನೇ ನೋಡುತ್ತ, ಅಪರಿಚಿತರಿಗೆ ಹೇಳುವಂತೆ ಸೌಜನ್ಯದಿಂದ ಹೇಳಿದರು: "ನೀವು ಯಾರೂ ಅವಳಿಗೆ ಹೇಳ್ಬೇಡಿ. ತನ್ವಿಗೆ ನಾನೇ ಹೇಳ್ತೀನಿ."

ಹುಡುಗರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ತನ್ವಿಯ ಕೈಗಳು ಮಾತ್ರ ಒಂದನ್ನೊಂದು ಮುಟ್ಟುವ ಮೊದಲೇ ನಿಂತವು. ನಗು ಮುಖದ ಮೇಲೆಯೇ ಇತ್ತು, ಅದನ್ನು ಏನು ಮಾಡಬೇಕೆಂದು ಅವಳಿಗೆ ತೋಚಿದಂತಿರಲಿಲ್ಲ.

ರತ್ನಪ್ರಭಾ ದಿವಾನವನ್ನು ಸುತ್ತಿಕೊಂಡು ಓಡಿಬಂದಳು. ನಾಟಕವೂ ಬೇಡ, ಆಣೆಯೂ ಬೇಡ. ಗಂಡನ ಮುಂದೆ ಮೊಣಕಾಲೂರಿ ಅವರ ಎರಡೂ ಕೈ ಹಿಡಿದುಕೊಂಡಳು. "ಇಲ್ಲೇ ಇದೀನ್ರೀ. ನೋಡಿ, ಇಲ್ಲೇ ಇದೀನಿ. ಎಲ್ಲೂ ಹೋಗಿಲ್ಲ." ಏಕನಾಥರು ಅವಳ ಮುಖವನ್ನು, ಬಳೆಯನ್ನು, ಮತ್ತೆ ಮುಖವನ್ನು ನೋಡಿದರು. ಅವರ ಗಂಟಲಿಂದ ಹೊರಟ ಸದ್ದು ಯಾವ ನಟನೂ ಹೊರಡಿಸುವಂಥದ್ದಲ್ಲ. ಚಪ್ಪಾಳೆ ಅಲ್ಲಲ್ಲಿ ಸಡಿಲವಾಯಿತು. ಒಬ್ಬ ಹುಡುಗ ಪಕ್ಕದವಳ ಮುಖ ನೋಡಿದ.

"ಸಾಕು!" ಎಂದು ಯಾರೋ ಕಿರುಚಿದರು.

ವೈಜಯಂತಿ. ಚಹಾದ ಕಪ್ಪನ್ನು ಬಾವುಟದಂತೆ ಮೇಲೆತ್ತಿ ಕೋಣೆಯ ಆ ತುದಿಗೆ, ಬಾಗಿಲ ಬಳಿಗೆ ಓಡಿದ್ದಳು. "ಸಾಕು, ಇನ್ನು ನನ್ನಿಂದ ನೋಡಕ್ಕಾಗಲ್ಲ! ಆ ಮನುಷ್ಯನ್ನ ಕೊಂದಿದ್ದು ನಾನು. ಹೌದು, ನಾನೇ! ಪೊಲೀಸರನ್ನ ಕರೀರಿ!"

ಜನವೆಲ್ಲ ಗಿರಕ್ಕನೆ ಅವಳ ಕಡೆ ತಿರುಗಿತು. ಪತ್ತೇದಾರಿಯೇ ಕೊಲೆಗಾರ್ತಿ! ಇಂಥದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. "ವಾಟ್ ಎ ಟ್ವಿಸ್ಟ್!" ಎಂದು ಹುಡುಗರು ಕುಣಿದರು. ರಾಘವ, "ನನಗೆ ಮೊದ್ಲೇ ಅನುಮಾನ ಇತ್ತು, ನನ್ನ ಅನುಭವ ಅಂಥದ್ದು," ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ವೈಜಯಂತಿ ಕೊಲೆಗೆ ಕಾರಣ ಹೇಳತೊಡಗಿದಳು. ಒಂದಕ್ಕೊಂದು ತಾಳಮೇಳವಿಲ್ಲದ ಕಾರಣಗಳು. ಆಸ್ತಿ ಎಂದಳು, ಹಳೆಯ ಪ್ರೇಮ ಎಂದಳು, ಮಾವಿನಮರದ ಜಗಳ ಎಂದಳು. ಕೈ ಬೀಸಿ ಬೀಸಿ, ಕಿರುಚಿ ಕಿರುಚಿ, ಒಬ್ಬರ ಕಣ್ಣೂ ದಿವಾನದ ಕಡೆ ಹೋಗದಂತೆ ಹಿಡಿದಿಟ್ಟಳು.

ಸಂದೀಪ ಜೇಬಿನಿಂದ ಚೀಟಿ ತೆಗೆದ. "ಲೇಕಿನ್ ಮರ್ಡರರ್ ತೋ ನಾನು..."

ತನ್ವಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಟ ಬರೆದವಳು ಅವಳು. ವೈಜಯಂತಿ ಆಂಟಿ ಹೇಳುತ್ತಿದ್ದುದರಲ್ಲಿ ಒಂದು ಅಕ್ಷರವೂ ಅವಳು ಬರೆದದ್ದಲ್ಲ. ಅವಳು ಆಂಟಿಯನ್ನು ನೋಡಿದಳು, ನೆಲದ ಮೇಲೆ ಮೊಣಕಾಲೂರಿದ್ದ ತಾಯಿಯನ್ನು ನೋಡಿದಳು, ಬಹಳ ಹೊತ್ತು ತಂದೆಯನ್ನು ನೋಡಿದಳು. ರತ್ನಪ್ರಭಾ ಮಗಳ ಕಣ್ಣು ತಪ್ಪಿಸಿ ಶಾಲು ಮಡಿಸತೊಡಗಿದಳು. ಮಡಿಕೆ ಎಷ್ಟು ಸಲ ಹಾಕಿದರೂ ಅಂಚಿಗೆ ಅಂಚು ಕೂಡಲಿಲ್ಲ.

ಚಹಾ ಆಯಿತು. ಹೊರಗೆ ಬೆಂಕಿ ಹಾಕಿದರು. ಹುಡುಗರು ಇನ್ನೂ ಆಟದ ಮಾತೇ ಆಡುತ್ತಿದ್ದರು, ಅಂಕಲ್ಲಿನ ನಟನೆಯನ್ನು ಹೊಗಳುತ್ತಿದ್ದರು. ಏಕನಾಥರು ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತ ಸಂಕೋಚದಿಂದ ನಗುತ್ತಿದ್ದರು. ಏನನ್ನು ಹೊಗಳುತ್ತಿದ್ದಾರೆಂದು ಅವರಿಗೆ ನೆನಪಿರಲಿಲ್ಲ. ಹೊಗಳಿಕೆ ಮಾತ್ರ ಹಿತವಾಗಿತ್ತು.

ಅಡುಗೆಮನೆಯಲ್ಲಿ ವೈಜಯಂತಿ ಕುಂಕುಮದ ಭರಣಿ ಹುಡುಕಿಕೊಂಡು ಬಂದಳು. ಹೊರಡುವ ಮುತ್ತೈದೆಗೆ ಕುಂಕುಮ ಕೊಡಬೇಕಲ್ಲ. ರತ್ನಪ್ರಭಾಳ ಹಣೆಗೆ ಇಟ್ಟಳು, ತಾಳಿಗೆ ಮುಟ್ಟಿಸಿದಳು. ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

"ವೈಜೂ, ಯಾರಿಗೂ..." ಎಂದಳು ರತ್ನಪ್ರಭಾ.

ವೈಜಯಂತಿ ಪರ್ಸಿನಿಂದ ಕರವಸ್ತ್ರ ತೆಗೆದು ಬಿಚ್ಚಿದಳು. ಮಧ್ಯಾಹ್ನ ಕಟ್ಟಿಟ್ಟಿದ್ದ ಎಳ್ಳನ್ನೆಲ್ಲ ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡಳು. "ಎಳ್ಳು ತಿಂದ ಬಾಯಿ ಕಣೆ ನಂದು," ಎಂದಳು, ಅಗಿಯುತ್ತ. "ಇನ್ನು ಒಳ್ಳೇದು ಬಿಟ್ಟು ಬೇರೆ ಬರಲ್ಲ." ಅವಳ ಕಣ್ಣು ಕೆಂಪಗಿತ್ತು. ಹೊಗೆಯಿಂದಲೂ ಇರಬಹುದು.

ಕಾರುಗಳು ಹೆಡ್‌ಲೈಟ್ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದವು. ರಾಘವ ಮಫ್ಲರ್ ಸುತ್ತಿಕೊಂಡು ಬೀಳ್ಕೊಡಲು ಈ ಕಡೆಗೇ ನಡೆದು ಬರುತ್ತಿದ್ದರು. ಏಕನಾಥರ ಹುಬ್ಬುಗಳು ಕೂಡಿದವು. ಅವರ ಎಡಗೈ ಪಕ್ಕದಲ್ಲಿ ಹೆಂಡತಿಯ ತೋಳಿಗಾಗಿ ತಡಕಾಡಿತು. ರತ್ನಪ್ರಭಾ ಎರಡು ಹೆಜ್ಜೆ ಹಿಂದಿದ್ದಳು, ಡಬ್ಬಿ ಚೀಲ ಎಲ್ಲ ಕೈಯಲ್ಲಿತ್ತು. ಅವಳು ಉಸಿರೆಳೆದುಕೊಂಡು ಬಾಯಿ ತೆರೆದಳು.

"ಅಪ್ಪಾ, ನೋಡಿ, ರಾಘವ ಅಂಕಲ್ ಬಂದ್ರು!"

ತನ್ವಿ. ತಂದೆಯ ತಡಕಾಡುತ್ತಿದ್ದ ಕೈಯನ್ನು ತನ್ನ ತೋಳಿನೊಳಗೆ ಸೇರಿಸಿಕೊಂಡು, ಬೇಕಾದ್ದಕ್ಕಿಂತ ಜೋರಾದ, ಸಂಭ್ರಮದ ದನಿಯಲ್ಲಿ, ತಡವರಿಸುವ ಕನ್ನಡದಲ್ಲಿ ಹೇಳುತ್ತಿದ್ದಳು. "ನಿಮ್ಮ... ನಿಮ್ಮ ಸೆಕ್ಷನ್ನಲ್ಲೇ ಇದ್ದೋರು. ಎಷ್ಟು ಹುಷಾರಾಗಿ ಇದಾರೆ, ಅಲ್ವಾ?"

"ಓಹೋ, ರಾಘವ!" ಎಂದರು ಏಕನಾಥರು, ಇನ್ನೊಂದು ಕೈ ಚಾಚಿ. "ಹೊರಟ್ರಾ? ಹೋಗಿ ಬನ್ನಿ, ಹೋಗಿ ಬನ್ನಿ."

ತನ್ವಿ ಹಿಂತಿರುಗಿ ನೋಡಲಿಲ್ಲ. ತಂದೆಯನ್ನು ನಿಧಾನವಾಗಿ ನಡೆಸಿಕೊಂಡು ಕಾರಿನ ಕಡೆ ಹೋದಳು. ದಾರಿಯಲ್ಲಿ ಸಿಕ್ಕ ಹುಡುಗರ ಹೆಸರನ್ನೂ ಒಂದೊಂದಾಗಿ ಜೋರಾಗಿ ಹೇಳುತ್ತಿದ್ದಳು.

ರತ್ನಪ್ರಭಾ ತೆರೆದ ಬಾಯನ್ನು ಮುಚ್ಚಿಕೊಂಡು ಅಲ್ಲೇ ನಿಂತಳು. ಬೆಳಗಿನಿಂದ ಎಲ್ಲರಿಗೂ ಹಂಚಿದ್ದಳು, ತಾನು ಒಂದು ಕಾಳೂ ತಿಂದಿರಲಿಲ್ಲ. ಚೀಲವನ್ನು ಮೆಟ್ಟಿಲ ಮೇಲಿಟ್ಟು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಳು. ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡು, ಮಂಜಿನಲ್ಲಿ ನಿಂತು ನಿಧಾನವಾಗಿ ಅಗಿದಳು.